ಕಾಯಿಲಿನ ಎರಡು ತಂತಿ

ಚಿಕ್ಕೋಡಿಯಿಂದ ಅಂಕಲಿಗೆ ಹೋಗುವ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಯನ್ನು ದಾಟಿದ ಕೂಡಲೇ ಮಲಕಾರಿಯ ಅಂಗಡಿ ಸಿಗುತ್ತದೆ. ಅದಕ್ಕೆ ಫಲಕವಿಲ್ಲ. ಬಾಗಿಲಿಗೆ ತೂಗುಹಾಕಿದ ಹಳೆಯ ಡೈನಮೋ ಒಂದೇ ಗುರುತು. ಟ್ರ್ಯಾಕ್ಟರಿನ ಸೆಲ್ಫ್ ಎತ್ತದಿದ್ದರೆ, ಟೆಂಪೋದ ದೀಪ ಕಣ್ಣುಮುಚ್ಚಿದರೆ ಸುತ್ತಲಿನ ಹಳ್ಳಿಯವರು ಅವನಲ್ಲಿಗೆ ಬರುತ್ತಾರೆ. ಮಾತು ಕಡಿಮೆ, ಕೆಲಸ ನಿಧಾನ. ಆದರೆ ಮಲಕಾರಿ ಮುಟ್ಟಿದ ತಂತಿ ಮತ್ತೆ ಬಿಚ್ಚುವ ಪ್ರಸಂಗ ಬರುವುದಿಲ್ಲ ಎಂಬುದು ಆ ಭಾಗದಲ್ಲಿ ರೂಢಿಯಾಗಿದ್ದ ಮಾತು.

ಏಳನೇ ಇಯತ್ತೆಯಲ್ಲಿ ಅವನು ಶಾಲೆ ಬಿಟ್ಟಿದ್ದ. ಇಂಗ್ಲಿಷ್ ಅಕ್ಷರಗಳನ್ನು ಓದಲು ಬಾರದು. ಕೋಳಿ ಹೆಜ್ಜೆಯನ್ನು ನೋಡಿ ಬರೆದಂತೆ ಅವುಗಳ ಆಕಾರವನ್ನಷ್ಟೇ ನಕಲು ಮಾಡಬಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ಒಂದು ಪದ್ಧತಿ ಇಟ್ಟುಕೊಂಡಿದ್ದ. ಯಾವ ಗಾಡಿಯ ತಂತಿಯನ್ನು ಬಿಚ್ಚುವುದಿದ್ದರೂ ಮೊದಲು ಕಂದು ಕಾಗದ ಹಾಸಿ, ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಚಿತ್ರ ಬರೆಯುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. "ಏನ ಮಲಕಾರಿ, ಗಾಡಿ ಜಾತಕ ಬರ್ಯಾಕತ್ತಿ?" ಎನ್ನುತ್ತಿದ್ದರು. ಅವನು ತಲೆ ಎತ್ತದೆ ಮುಗುಳ್ನಗುತ್ತಿದ್ದ.

ಎರಡು ಸಾವಿರದ ಏಳರಲ್ಲಿ ವಿರುಪಾಕ್ಷಪ್ಪನವರು ಅವನನ್ನು ಕರೆಸಿದರು. ಅವರು ಸಕ್ಕರೆ ಕಾರ್ಖಾನೆಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಕಾರ್ಖಾನೆಯ ಹಿಂದಿನ ಷೆಡ್ಡಿನಲ್ಲಿ ಇಪ್ಪತ್ತೈದು ವರ್ಷ ದೂಳು ತಿಂದು ನಿಂತಿದ್ದ ಲ್ಯಾಂಡ್‌ಮಾಸ್ಟರ್ ಕಾರನ್ನು ಹರಾಜಿನಲ್ಲಿ ಹಿಡಿದು ಮನೆಗೆ ತಂದಿದ್ದರು. ಅದು ಐವತ್ತೇಳನೇ ಇಸವಿಯ ಗಾಡಿ. ಮಗಳು ಸಾರಿಕಾಳ ಮದುವೆಯಾದ ಮರುದಿನ ಹೊಸ ಜೋಡಿ ಮಂಗಸೂಳಿಯ ಮಲ್ಲಯ್ಯನ ದರ್ಶನಕ್ಕೆ ಹೋಗುವುದು ಮನೆತನದ ರೂಢಿ. ಆ ದರ್ಶನಕ್ಕೆ ಇದೇ ಕಾರಿನಲ್ಲಿ ಹೋಗಬೇಕೆಂಬುದು ಅವರ ಆಸೆ.

ಇಂಜಿನ್ ಕೆಲಸ ನಿಪಾಣಿಯ ದಾದಾಸಾಹೇಬ ಮಿಸ್ತ್ರಿಯವರಿಗೆ, ತಂತಿ ಕೆಲಸ ಮಲಕಾರಿಗೆ. ದಾದಾಸಾಹೇಬರಿಗೆ ಆಗ ಅರವತ್ತೆಂಟು. ಲ್ಯಾಂಡ್‌ಮಾಸ್ಟರ್ ಹೊಸದಾಗಿ ರಸ್ತೆಯ ಮೇಲೆ ಓಡುತ್ತಿದ್ದ ಕಾಲದಲ್ಲೇ ಅದರ ಇಂಜಿನ್ ಬಿಚ್ಚಿ ಕಲಿತವರು. ಚಹಾದ ಕಪ್ಪು ಹಿಡಿದಾಗ ಅವರ ಕೈ ಸಣ್ಣಗೆ ನಡುಗುತ್ತಿತ್ತು. ನಟ್ಟು ಬಿಚ್ಚುವ ಪಾನಾ ಹಿಡಿದಾಗ ನಡುಗುತ್ತಿರಲಿಲ್ಲ. ವಾರಕ್ಕೆರಡು ದಿನ ಬಸ್ಸಿನಲ್ಲಿ ಚಿಕ್ಕೋಡಿಗೆ ಬಂದು, ಎಂಟು ತಿಂಗಳಲ್ಲಿ ಇಂಜಿನ್ನಿಗೆ ಜೀವ ತಂದರು. ಇಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬೊರೇಟರನ್ನು ಮಾತ್ರ ನಿಪಾಣಿಗೆ ಒಯ್ದು, ಒಂದೊಂದು ರಂಧ್ರಕ್ಕೂ ತೆಳು ತಂತಿ ಹಾಯಿಸಿ ತೊಳೆದು ತಂದಿದ್ದರು.

ಮಲಕಾರಿಯೂ ತನ್ನ ಪದ್ಧತಿಯಂತೆ ಕಾಗದದ ಮೇಲೆ ಚಿತ್ರ ಬರೆದುಕೊಂಡು, ಇಲಿ ಕಡಿದ ಹಳೆಯ ತಂತಿಯನ್ನೆಲ್ಲ ಕಿತ್ತು ಹೊಸದು ಹಾಕಿದ. ಕೊನೆಗೆ ಬ್ಯಾಟರಿ ಕೂರಿಸುವ ದಿನ ವಿರುಪಾಕ್ಷಪ್ಪನವರು, "ಮಲಕಾರಿ, ಒಂದು ಟೇಪ್ ಕೂಡಸು. ಸನಾದಿ ಹಚ್ಚಿಕೊಂಡು ಹೋಗೂಣು" ಎಂದರು.

ಈಗಿನ ಟೇಪು ಕೆಲಸ ಮಾಡಬೇಕಾದರೆ ಬ್ಯಾಟರಿಯ ಮೈನಸ್ ಗಾಡಿಯ ಬಾಡಿಗೆ, ಅಂದರೆ ಅದರ ಕಬ್ಬಿಣದ ಮೈಗೆ, ಕೂಡಬೇಕು. ಈ ಕಾರಿನಲ್ಲಿ ಪ್ಲಸ್ ಬಾಡಿಗೆ ಕೂಡಿತ್ತು. ಮಲಕಾರಿ ಬ್ಯಾಟರಿಯನ್ನು ತಿರುಗಿಸಿ ಇಡುವುದನ್ನು ದಾದಾಸಾಹೇಬರು ನೋಡಿದರು. ಮಗುವನ್ನು ಕರೆದಂತೆ ಅವನನ್ನು ಅವರು ಬಾಳಾ ಎನ್ನುತ್ತಿದ್ದರು.

"ಬಾಳಾ, ಇದು ಹಳೇ ವಿಲಾಯತಿ ಗಾಡಿ. ಪ್ಲಸ್ ಬಾಡಿಗಿ ಇರೂದ ಇದರ ರೀತಿ. ಹಂಗ ಬಿಡು."

"ಬಿಟ್ಟರ ಟೇಪ್ ಹಾಡೂದಿಲ್ಲ ಕಾಕಾ."

"ಹಾಡದಿದ್ರ ಬಿಡವಲ್ದಾಕ. ಬದಲಿ ಮಾಡಿದ್ರ ಒಂದಲ್ಲ, ನಾಕ ಕಡೆ ಬದಲಿ ಮಾಡಬೇಕಾಕ್ಕೈತಿ."

ಮಲಕಾರಿಗೆ ಅದು ಚುಚ್ಚಿತು. ಇಂಜಿನ್ ಮಿಸ್ತ್ರಿ ತನಗೆ ಕರೆಂಟಿನ ಪಾಠ ಹೇಳುವುದೆ? "ಎಲ್ಲಾ ಗಾಡಿಗೂ ಮೈನಸ್ಸ ಬಾಡಿಗಿ ಕಾಕಾ. ಇದಕ್ಕ ಏನ ಕೋಡ ಮೂಡ್ಯಾವು?" ಎಂದ. ಅಲ್ಲಿದ್ದವರು ನಕ್ಕರು. ದಾದಾಸಾಹೇಬರು ಕೈ ಒರೆಸಿಕೊಂಡು ಬಸ್ಸಿಗೆ ಹೊರಟರು.

ಡೈನಮೋಗೆ ಬ್ಯಾಟರಿಯ ತಂತಿಯನ್ನು ಒಮ್ಮೆ ಮುಟ್ಟಿಸಿ ಅದರ ದಿಕ್ಕು ಬದಲಿಸಬೇಕೆಂಬುದು ಮಲಕಾರಿಗೆ ತಿಳಿದಿತ್ತು, ಬದಲಿಸಿದ. ಮೀಟರಿನ ತಂತಿಗಳನ್ನೂ ತಿರುವು ಮುರುವು ಮಾಡಿದ. ಅಷ್ಟಾದ ಮೇಲೆ ಟೇಪು ಹಚ್ಚಿದ. ಸನಾದಿ ಮೊಳಗಿತು. ಊರೊಳಗೆ ಎರಡು ಸುತ್ತು ಹಾಕಿ ಬಂದರು. ಗಾಡಿ ಎಲ್ಲೂ ತಡವರಿಸಲಿಲ್ಲ.

ಮರುವರ್ಷದ ಮೇ ತಿಂಗಳಲ್ಲಿ ಮದುವೆಯಾಯಿತು. ಮರುದಿನ ವಿರುಪಾಕ್ಷಪ್ಪನವರೇ ಕಾರು ನಡೆಸಿದರು. ಹಿಂದಿನ ಸೀಟಿನಲ್ಲಿ ಸಾರಿಕಾ ಮತ್ತು ಅಳಿಯ ಸುಧೀರ. ಮುಂದಿನ ಉದ್ದ ಸೀಟಿನಲ್ಲಿ ಬೀಗರಾದ ಕಾಗವಾಡದ ಭೀಮಸಿಯವರು, ನಡುವೆ ಸಾಮಾನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಮಲಕಾರಿ. ಉಳಿದ ನೆಂಟರು ಎರಡು ಕ್ರೂಸರ್ ಜೀಪಿನಲ್ಲಿ ಹಿಂದೆ. ಅಂಕಲಿ ದಾಟಿ ಕೃಷ್ಣೆಯ ಸೇತುವೆಯ ಏರು ಬರುತ್ತಿದ್ದಂತೆ ಕಾರು ಎರಡು ಸಲ ಕೆಮ್ಮಿತು, ಮೂರನೆಯ ಸಲಕ್ಕೆ ನಿಂತೇಬಿಟ್ಟಿತು. ಸನಾದಿ ಮಾತ್ರ ಹಾಡುತ್ತಲೇ ಇತ್ತು.

ಭೀಮಸಿಯವರು ನಾಲ್ಕು ಎಮ್ಮೆ, ಆರು ಎಕರೆ ಹೊಲವಿದ್ದ ರೈತರು, ನಗಿಸುವ ಸ್ವಭಾವದವರು. ಕೆಳಗಿಳಿದು ಮೀಸೆ ತಿರುವಿ, "ಬೀಗರ, ನಮ್ಮ ಎಮ್ಮಿನೂ ಹೊಳಿ ಕಂಡಲ್ಲೆ ಹಿಂಗ ನಿಂದರತಾವು. ನಿಮ್ಮ ಮೋಟರಿಗೂ ಮೈ ತೊಳಸೂದೈತೇನು?" ಎಂದರು. ಜೀಪಿನಿಂದ ಇಳಿದವರೆಲ್ಲ ಗೊಳ್ಳೆಂದರು. ವಿರುಪಾಕ್ಷಪ್ಪನವರ ಮುಖ ಕೆಂಪಗಾಯಿತು. ಅವರು ಮಲಕಾರಿಯತ್ತ ತಿರುಗಿ ನೋಡಿದರು. ನೋಡಿದ್ದು ಅವರೊಬ್ಬರೇ ಅಲ್ಲ. ಮೂವತ್ತು ಜನ ನೋಡುತ್ತಿದ್ದರು.

ಮಲಕಾರಿ ಬಾನೆಟ್ ಎತ್ತಿದ. ಬೆವರು ಕಣ್ಣಿಗಿಳಿಯುತ್ತಿತ್ತು. ಇಂಜಿನ್ನಿನ ಪಕ್ಕದ ಸಣ್ಣ ಪೆಟ್ರೋಲ್ ಪಂಪಿಗೆ ಒದ್ದೆ ಅರಿವೆ ಸುತ್ತಿ, ಸ್ವಲ್ಪ ಹೊತ್ತು ಕಾದು, ಕೀಲಿ ತಿರುಗಿಸಿದರೆ ಗಾಡಿ ಚಾಲೂ ಆಯಿತು. ಒಂದು ಮೈಲು ಹೋಗಿ ಮತ್ತೆ ನಿಂತಿತು. ಆಗ ವಿರುಪಾಕ್ಷಪ್ಪನವರು ಎಲ್ಲರೆದುರು, "ಏನಿದು ಮಲಕಾರಿ?" ಎಂದರು.

ಎಂದೂ ನಾಲ್ಕು ಜನರ ನಡುವೆ ಬಾಯಿ ಬಿಡದ ಮಲಕಾರಿ ಅವತ್ತು ಬಾಯಿಬಿಟ್ಟ.

"ನಂದ ಕರೆಂಟ್ ಲೈನ್ ಎಲ್ಲಾ ಬರೋಬ್ಬರಿ ಐತ್ರಿ ಸಾಹೇಬ್ರ. ಪೆಟ್ರೋಲ ಬರವಲ್ದು. ಕಾರ್ಬೊರೇಟರ್ ಸರಿ ಕೂಡಿಲ್ಲ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ದಾದಾ ಕಾಕಾಗ ಈಗ ಕೈ ನಡಗತಾವಲ್ರಿ. ನಡಗೂ ಕೈಲೆ ಅಂಥಾ ನಾಜೂಕ ಕೆಲಸ ಹೆಂಗ ಆಕ್ಕೈತಿ?"

"ಅರೆ ದೇವರ! ನಡಗೂ ಕೈಯಾಂವಗ ಇಂಜಿನ್ ಕೊಟ್ಟೀರಿ?" ಎಂದು ಭೀಮಸಿಯವರು ತಮ್ಮ ಕೈಯನ್ನೇ ನಡುಗಿಸಿ ತೋರಿಸಿದರು. ಮತ್ತೆ ನಗೆ. ನಗೆಯ ದಿಕ್ಕು ಬದಲಾಗಿತ್ತು. ಮಲಕಾರಿಗೆ ಎದೆ ಹಗುರವಾಯಿತು. ಹೊಸ ಜೋಡಿ ಕ್ರೂಸರ್ ಹತ್ತಿ ಮಂಗಸೂಳಿಗೆ ಹೋಯಿತು. ಕಾರು ತಣ್ಣಗಾದ ಮೇಲೆ ಅವನು ಅದನ್ನು ನಿಲ್ಲಿಸುತ್ತ, ಓಡಿಸುತ್ತ ಚಿಕ್ಕೋಡಿಗೆ ಮರಳಿ ತಂದ.

ಮದುವೆಗೆ ಬಂದವರು ಕಾಗವಾಡ, ಅಥಣಿ, ರಾಯಬಾಗ ಎಂದು ಊರೂರಿಗೆ ಹೋದರು, ಅವರ ಜೊತೆಗೆ ಆ ಮಾತೂ ಹೋಯಿತು. ದಾದಾಸಾಹೇಬರ ಬಾಗಿಲಿಗೆ ಬರುತ್ತಿದ್ದ ಟ್ರ್ಯಾಕ್ಟರುಗಳು ಬೇರೆ ಕಡೆ ತಿರುಗಿದವು. "ಕೈ ನಡಗೂ ಮಿಸ್ತ್ರಿ" ಎಂದು ಅವರಿಗೆ ಹೆಸರು ಬಿದ್ದಿದೆ ಎಂದು ಒಂದು ದಿನ ಗಿರಾಕಿಯೊಬ್ಬ ಮಲಕಾರಿಯ ಅಂಗಡಿಯಲ್ಲಿಯೇ ಹೇಳಿ ನಕ್ಕ. ಮಲಕಾರಿ ತಂತಿ ಸುಲಿಯುತ್ತಿದ್ದವನು ಸುಲಿಯುತ್ತಲೇ ಇದ್ದ.

ಜೂನ್ ಕೊನೆಗೆ ವಿರುಪಾಕ್ಷಪ್ಪನವರು ಕೊಲ್ಹಾಪುರದಿಂದ ಬೇರೆ ಕಾರ್ಬೊರೇಟರ್ ತರಿಸಿದರು. "ಮುದಕಗ ಕರಸೂದ ಬ್ಯಾಡ. ನೀನ ಕೂಡಸು" ಎಂದು ಕಾರನ್ನು ಅವನ ಅಂಗಡಿಗೆ ಕಳಿಸಿದರು. ಕೂರಿಸಿ ಕಬ್ಬೂರ ರಸ್ತೆಯಲ್ಲಿ ಒಬ್ಬನೇ ಓಡಿಸಿ ನೋಡಿದ. ಹನ್ನೊಂದು ಕಿಲೋಮೀಟರಿಗೆ ಕಾರು ಕೆಮ್ಮಿ ನಿಂತಿತು.

ಎರಡೂ ಬದಿಗೆ ಕಬ್ಬಿನ ಗದ್ದೆ. ಮಲಕಾರಿ ಸ್ಟೇರಿಂಗ್ ಹಿಡಿದು ಕುಳಿತೇ ಇದ್ದ. ಕಾರ್ಬೊರೇಟರಿನ ದೋಷವಲ್ಲದಿದ್ದರೆ ಮತ್ತೇನು ಎಂದು ಕೇಳಿಕೊಳ್ಳಲು ಅವನಿಗೆ ಹೆದರಿಕೆಯಾಯಿತು.

ಮರುದಿನದಿಂದ ಹುಡುಕತೊಡಗಿದ. ಕೀಲಿಯಿಂದ ಹೊರಡುವ ಬಿಳಿ ತಂತಿಗೆ ಟೆಸ್ಟ್ ಲ್ಯಾಂಪ್ ಹಚ್ಚಿದ. ದೀಪ ಪ್ರಖರವಾಗಿ ಉರಿಯಿತು. ಪಾಯಿಂಟ್ ಬಿಚ್ಚಿ ತಿಕ್ಕಿ, ಗೇಜು ಹಾಕಿ ಅಂತರ ಅಳೆದ. ಕಂಡೆನ್ಸರ್ ಬದಲಿಸಿದ. ಪ್ಲಗ್ಗಿನ ನಾಲ್ಕೂ ದಪ್ಪ ತಂತಿಗಳನ್ನು ಹೊಸದಾಗಿ ಹಾಕಿದ. ಪ್ರತಿ ಸಲವೂ ತಣ್ಣಗಿದ್ದಾಗ ಚೆನ್ನಾಗಿ ಓಡುವುದು, ಕಾದ ಮೇಲೆ ಏರು ಬಂದರೆ ನಿಲ್ಲುವುದು. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಸತ್ತಿರಬೇಕೆಂದು ಗುಜರಿಯಿಂದ ಅದೇ ತರಹದ ಇನ್ನೊಂದನ್ನು ತಂದು, ಹಳೆಯದಕ್ಕೆ ಹೇಗಿತ್ತೋ ಹಾಗೆಯೇ, ಅದರ ಮೇಲಿನ ಇಂಗ್ಲಿಷ್ ಅಕ್ಷರಕ್ಕೆ ಅಕ್ಷರ ಹೊಂದಿಸಿ ಎರಡು ತಂತಿ ಕೂಡಿಸಿದ. ಫಲ ಅದೇ.

ಆರನೆಯ ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ತಾನೇ ಬರೆದಿದ್ದ ಕಂದು ಕಾಗದವನ್ನು ನೆಲದ ಮೇಲೆ ಹಾಸಿದ. ಬೆರಳಿಟ್ಟು ಒಂದೊಂದೇ ತಂತಿಯನ್ನು ಕಾಗದದಲ್ಲೂ ಗಾಡಿಯಲ್ಲೂ ಹೋಲಿಸುತ್ತ ಬಂದ. ಕೀಲಿ ಸರಿ. ಕಾಯಿಲ್ ಸರಿ. ಪಾಯಿಂಟ್ ಸರಿ. ಬ್ಯಾಟರಿಯ ಬಳಿಗೆ ಬಂದಾಗ ಬೆರಳು ನಿಂತಿತು. ಕಾಗದದಲ್ಲಿ ಬಾಡಿಗೆ ಹೋದ ದಪ್ಪ ಪಟ್ಟಿಯ ಪಕ್ಕದಲ್ಲಿ ಅವನದೇ ಕೈಯಲ್ಲಿ ದೊಡ್ಡದಾಗಿ ಪ್ಲಸ್ ಗುರುತು ಇತ್ತು. ಚಿತ್ರ ಬರೆದದ್ದು ಪ್ಲಸ್ ಬಾಡಿಗೆ ಕೂಡಿದ ಗಾಡಿಗೆ. ತಂತಿ ಕೂಡಿಸಿದ್ದೂ ಆ ಚಿತ್ರದಂತೆ. ಆಮೇಲೆ ಬ್ಯಾಟರಿ ತಿರುಗಿಸಿದ. ಡೈನಮೋ ಬದಲಿಸಿದ, ಮೀಟರ್ ಬದಲಿಸಿದ, ಕಾಯಿಲಿನ ಎರಡು ತಂತಿಗಳನ್ನು ಮಾತ್ರ ಹಾಗೇ ಬಿಟ್ಟ. ನಾಲ್ಕು ಕಡೆ ಎಂದು ದಾದಾಸಾಹೇಬರು ಎಣಿಸಿ ಹೇಳಿದ್ದರು. ಅವನು ಮೂರು ಮಾಡಿದ್ದ. ಕಾಯಿಲಿನಿಂದ ಕಿಡಿ ತಿರುಗುಮುರುಗಾಗಿ ಹಾರುತ್ತಿತ್ತು. ಹಾಗೆ ಹಾರುವ ಕಿಡಿಗೆ ಬಲ ಕಡಿಮೆ; ಇಂಜಿನ್ ಕಾದು ಏರು ಬಂದರೆ ಅದು ಸಾಲದು.

ಖಾತ್ರಿ ಮಾಡಿಕೊಳ್ಳಲು ಅವನು ಒಂದು ಪ್ಲಗ್ಗಿನ ತಂತಿಯನ್ನು ಸ್ವಲ್ಪ ದೂರ ಹಿಡಿದು, ನಡುವೆ ಪೆನ್ಸಿಲ್ಲಿನ ಮೊನೆ ಇಟ್ಟ. ಕಿಡಿ ಸರಿಯಿದ್ದರೆ ಅದರ ಕೆಂಪು ಗರಿ ಮೊನೆಯಿಂದ ಪ್ಲಗ್ಗಿನ ಕಡೆ ಚಿಮ್ಮಬೇಕು. ಅದು ತಂತಿಯ ಕಡೆ ಚಿಮ್ಮಿತು. ಮೂರು ಸಲ ನೋಡಿದ. ಮೂರು ಸಲವೂ ತಂತಿಯ ಕಡೆಗೇ.

ಎರಡು ಸಣ್ಣ ನಟ್ಟು ಸಡಿಲಿಸಿ ಕಾಯಿಲಿನ ತಂತಿಗಳನ್ನು ಅದಲು ಬದಲು ಮಾಡಿದ. ಐದು ನಿಮಿಷದ ಕೆಲಸ. ಆಮೇಲೆ ಕೊಲ್ಹಾಪುರದ ಕಾರ್ಬೊರೇಟರ್ ತೆಗೆದು ದಾದಾಸಾಹೇಬರು ತೊಳೆದು ಕೊಟ್ಟದ್ದನ್ನೇ ಮತ್ತೆ ಕೂರಿಸಿ ಹೊರಟ. ಮಧ್ಯಾಹ್ನದ ಬಿಸಿಲಿನಲ್ಲಿ ನಿಪಾಣಿಯ ದಾರಿಯ ಅರ್ಧದವರೆಗೆ ಹೋಗಿ, ಏರು ಹತ್ತಿ, ಇಳಿದು, ಮತ್ತೆ ಹತ್ತಿದ. ಕಾರು ಒಂದು ಸಲವೂ ಕೆಮ್ಮಲಿಲ್ಲ. ಮುದುಕರ ಕೆಲಸ ಗಡಿಯಾರದ ಹಾಗೆ ಇತ್ತು. ಮಲಕಾರಿಗೆ ಸಂತೋಷವಾಗಬೇಕಿತ್ತು. ಅವನು ರಸ್ತೆಯ ಪಕ್ಕ ಗಾಡಿ ನಿಲ್ಲಿಸಿ ಮುಖ ಮುಚ್ಚಿಕೊಂಡ.

ಅಂಗಡಿಗೆ ಬಂದವನು ಮಾಡಿದ್ದೇನು ಎಂದರೆ, ದಾದಾಸಾಹೇಬರ ಕಾರ್ಬೊರೇಟರನ್ನು ಬಿಚ್ಚಿ ಕೊಲ್ಹಾಪುರದ್ದನ್ನು ಮತ್ತೆ ಕೂರಿಸಿದ. ಯಾಕೆ ಹಾಗೆ ಮಾಡುತ್ತಿದ್ದೇನೆ ಎಂದು ತನಗೇ ಹೇಳಿಕೊಳ್ಳಲಿಲ್ಲ. ಕೈಗಳು ಸುಮ್ಮನೆ ಕೆಲಸ ಮಾಡಿದವು, ಒಂದಿಷ್ಟೂ ನಡುಗಲಿಲ್ಲ. ಬಿಚ್ಚಿದ್ದನ್ನು ಗೋಣಿಚೀಲದಲ್ಲಿ ಸುತ್ತಿ ಮೂಲೆಗಿಟ್ಟ.

ವಿರುಪಾಕ್ಷಪ್ಪನವರು ಸಂಕೇಶ್ವರದವರೆಗೆ ಹೋಗಿ ಬಂದು ಕುಣಿದಾಡಿದರು. ಮುಂದಿನ ರವಿವಾರ ಮನೆಯ ಮುಂದೆ ಹತ್ತಾರು ಜನರನ್ನು ಸೇರಿಸಿ ಮಲಕಾರಿಯ ತಲೆಗೆ ಫೇಟಾ ಸುತ್ತಿ, ಕೈಗೆ ತೆಂಗಿನಕಾಯಿ ಕೊಟ್ಟರು. "ಕಾರ್ಬೊರೇಟರಿಂದ ದೋಷ ಅಂತ ಅವತ್ತ ಹೊಳಿ ದಂಡಿ ಮ್ಯಾಲೆ ಹೇಳಿದ್ದ. ಹುಡುಗನ ಮಾತು ಖರೆ ಆತು" ಎಂದರು. ಚಪ್ಪಾಳೆ ಬಿತ್ತು. ಫೇಟಾ ಕಿವಿಯ ಮೇಲೆ ಬಿಗಿಯಾಗಿತ್ತು. ಮಲಕಾರಿ ಅಲ್ಲ ಎನ್ನಲು ಬಾಯಿ ತೆರೆದ. ಫೋಟೋ ತೆಗೆಯುವವನು, "ನಗ್ರಿ, ನಗ್ರಿ" ಎಂದ. ಅವನು ನಕ್ಕ.

ಮನೆಯಲ್ಲಿ ಹೆಂಡತಿ ಸಪನಾ ಆ ಫೇಟಾವನ್ನು ಗೂಟಕ್ಕೆ ಹಾಕಿ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ನಾಲ್ಕನೆಯ ದಿನ ಅವನು ಅದನ್ನು ತೆಗೆದು ಮಡಚಿಟ್ಟ.

"ಯಾಕ್ರಿ? ಇರವಲ್ದಾಕ. ಚಂದ ಕಾಣತೈತಿ."

"ಅದು ನಂದಲ್ಲ."

"ನಿಮಗ ಸುತ್ಯಾರ, ನಿಮ್ಮದಲ್ಲಂದ್ರ ಯಾರದು?"

ಊಟಕ್ಕೆ ಕುಳಿತವನು ರೊಟ್ಟಿ ಮುರಿಯುತ್ತ ನೆಲ ನೋಡಿಕೊಂಡೇ ಎಲ್ಲ ಹೇಳಿದ. ಸಪನಾ ರೊಟ್ಟಿಯ ಬುಟ್ಟಿ ಪಕ್ಕಕ್ಕೆ ಸರಿಸಿದಳು. "ಆ ಅಜ್ಜ ನಮ್ಮ ಅಂಗಡಿ ಶುರು ಆದಾಗ ಎಷ್ಟ ಗಾಡಿ ಕಳಿಸ್ಯಾನ, ನೆಪ್ಪೈತೇನ್ರಿ?" ಎಂದಳು. ನೆನಪಿತ್ತು.

ಮರುದಿನ ಗೋಣಿಚೀಲ ಹಿಡಿದು ನಿಪಾಣಿಯ ಬಸ್ಸು ಹತ್ತಿದ. ಚಿಕ್ಕೋಡಿ ರಸ್ತೆಯ ಮೇಲೇ ಇದ್ದ ಗ್ಯಾರೇಜಿನ ಮುಂದೆ ಒಂದೂ ಗಾಡಿ ಇರಲಿಲ್ಲ. ದಾದಾಸಾಹೇಬರು ಒಳಗೆ ಮಣೆಯ ಮೇಲೆ ಕುಳಿತು ಪಾನಾಗಳಿಗೆ ಗ್ರೀಸ್ ಹಚ್ಚಿ ಒಂದೊಂದನ್ನೇ ಅರಿವೆಯಲ್ಲಿ ಸುತ್ತುತ್ತಿದ್ದರು. ಬಹಳ ದಿನ ಬಳಸದೆ ಇಡುವ ಸಾಮಾನನ್ನು ಹಾಗೆ ಸುತ್ತುತ್ತಾರೆ. ಮಲಕಾರಿ ನಿಂತುಕೊಂಡೇ ಹೇಳಿದ: ಬ್ಯಾಟರಿ, ಕಾಯಿಲ್, ಪೆನ್ಸಿಲ್, ಕಾರ್ಬೊರೇಟರ್ ಬಿಚ್ಚಿ ಮುಚ್ಚಿಟ್ಟದ್ದು. ಫೇಟಾದ ಮಾತನ್ನೂ ಬಿಡಲಿಲ್ಲ.

"ತಪ್ಪಾತು ಕಾಕಾ" ಎಂದು ಕಾಲು ಮುಟ್ಟಲು ಬಾಗಿದ.

ದಾದಾಸಾಹೇಬರು ಕಾಲು ಹಿಂದಕ್ಕೆ ಎಳೆದುಕೊಂಡರು. "ನನಗ ಹೇಳಾಕ ಬಂದಿ? ನನ್ನ ಕಾರ್ಬೊರೇಟರ್ ಸರಿ ಐತಿ ಅನ್ನೂದು ನನಗ ಗೊತ್ತಿರಲಿಲ್ಲೇನು?"

ಮಲಕಾರಿ ಗೋಣಿಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಕೈ ನಡಗತಾವು ಅಂದಿ. ಹೌದು, ನಡಗತಾವು. ಸುಳ್ಳಲ್ಲ. ಸುಳ್ಳ ಅಂದಿದ್ರ ನಾನೂ ನಾಕ ಮಂದ್ಯಾಗ ಸುಳ್ಳ ಅಂತಿದ್ನಿ. ಖರೇ ಮಾತ ತಗೊಂಡು ಹೊಡದಿ." ಅವರು ಒಂದು ಪಾನಾ ಎತ್ತಿ ಒರೆಸಿದರು. "ಮೂವತ್ತು ಮಂದ್ಯಾಗ ಅಂದಾಂವ, ಬಾಗಲಾ ಮುಚ್ಚಿಕೊಂಡು ನನ್ನ ಕಿವ್ಯಾಗ ತಪ್ಪಾತು ಅಂದ್ರ ನಿನ್ನ ಹೊಟ್ಟಿ ತಣ್ಣಗಾಕ್ಕೈತಿ. ನನ್ನ ಬಾಗಲಿಗೆ ಗಾಡಿ ಬರತಾವೇನು? ಹೋಗು ಬಾಳಾ. ಸಾಕು."

ಗೋಣಿಚೀಲವನ್ನು ಹೊಸ್ತಿಲ ಬಳಿ ಇಟ್ಟು ಮಲಕಾರಿ ಹೊರಬಂದ. ಬಸ್ಸಿಗೆ ಕಾಯದೆ ಎಷ್ಟೋ ದೂರ ನಡೆದ. ಮುದುಕರು ಹೇಳಿದ್ದು ಏನೆಂದು ಅವನಿಗೆ ಗೊತ್ತಾಗಿತ್ತು. ಅದನ್ನು ಮಾಡಿದರೆ ತನ್ನ ಅಂಗಡಿಯ ಗತಿ ಏನೆಂಬುದೂ ಗೊತ್ತಿತ್ತು. ಮಲಕಾರಿ ಮುಟ್ಟಿದ ತಂತಿ ಎಂಬ ಮಾತಿನ ಮೇಲೆಯೇ ಅಂಗಡಿ ನಿಂತಿತ್ತು. ಎರಡು ವಾರ ಹಾಗೂ ಹೀಗೂ ತಳ್ಳಿದ. ಹೇಳುವ ಮಾತನ್ನು ದಿನವೂ ಬಾಯಿಪಾಠ ಮಾಡುವುದು, ದಿನವೂ ನುಂಗುವುದು.

ಪಂಚಮಿ ಹಬ್ಬಕ್ಕೆ ಸಾರಿಕಾ ತವರಿಗೆ ಬಂದಿದ್ದಳು. ಹಬ್ಬ ಮುಗಿದ ಮೇಲೆ ಸೊಸೆಯನ್ನು ಕರೆದೊಯ್ಯಲು ಭೀಮಸಿಯವರೇ ಕಾಗವಾಡದಿಂದ ನಾಲ್ಕು ಜನ ನೆಂಟರೊಡನೆ ಬಂದರು. ಸುದ್ದಿ ತಿಳಿದು ಮಲಕಾರಿ ಮಡಚಿದ ಫೇಟಾ ಕಂಕುಳಲ್ಲಿ ಹಿಡಿದು ಹೋದ. ಕಟ್ಟೆಯ ಮೇಲೆ ಎಲ್ಲರೂ ಚಹಾ ಕುಡಿಯುತ್ತಿದ್ದರು. ಕಾರು ಅಂಗಳದಲ್ಲಿ ನಿಂತು ಹೊಳೆಯುತ್ತಿತ್ತು.

"ಬಾ ಬಾ, ಕರೆಂಟ ಡಾಕ್ಟರ್!" ಎಂದರು ಭೀಮಸಿಯವರು. "ಬೀಗರ, ಈ ಸಲ ಹೊಳಿ ಹಂತ್ಯಾಕ ಎಮ್ಮಿ ನಿಂದರೂದಿಲ್ಲಲ್ಲ?"

ಮಲಕಾರಿ ಫೇಟಾವನ್ನು ಕಟ್ಟೆಯ ಮೇಲಿಟ್ಟ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ದೋಷ ನಂದ್ರಿ" ಎಂದ. ಮಾತು ಅರ್ಧಕ್ಕೇ ನಿಂತಿತು. ಮತ್ತೆ ಮೊದಲಿನಿಂದ ಹೇಳಿದ. "ಕಾರ್ಬೊರೇಟರಿಂದಲ್ರಿ. ದಾದಾ ಕಾಕಾ ಮಾಡಿದ್ದು ಎಲ್ಲಾ ಸರಿ ಇತ್ತು. ಕಾಯಿಲಿನ ಎರಡು ತಂತಿ ನಾ ಉಲ್ಟಾ ಬಿಟ್ಟಿದ್ನಿ. ಬ್ಯಾಟರಿ ತಿರಗಸಬ್ಯಾಡ ಅಂತ ಅವರು ಹೇಳಿದ್ರು, ನಾ ಕೇಳಲಿಲ್ಲ. ಆಮ್ಯಾಲೆ ಅವರ ಮ್ಯಾಲೆ ಹಾಕಿದ್ನಿ. ಗಾಡಿ ಅವರ ಕಾರ್ಬೊರೇಟರ್ ಮ್ಯಾಲೆ ಚಂದ ಓಡಿತ್ರಿ, ನಾ ಅದನ್ನ ತಗದು ಮುಚ್ಚಿಟ್ನಿ."

ಬಾಗಿಲಲ್ಲಿ ನಿಂತಿದ್ದ ಸಾರಿಕಾ ಒಳಗೆ ಸರಿದಳು. ಸದಾ ನಗಿಸುವ ಭೀಮಸಿಯವರು ತಮ್ಮ ಕೈಯನ್ನು ನೋಡಿಕೊಂಡರು. ಅವತ್ತು ನಡುಗಿಸಿ ತೋರಿಸಿದ ಕೈ ಅದು. "ಏ ತಮ್ಮಾ," ಎಂದರು ಮೆಲ್ಲಗೆ, "ನಾ ಕಾಗವಾಡದಾಗ ಕಂಡಕಂಡವರಿಗೆ ಹೇಳಿಕೋತ ತಿರಗೀನಲ್ಲೋ. ನನ್ನನ್ನೂ ಪಾಪದಾಗ ಹಾಕಿದಿ."

ವಿರುಪಾಕ್ಷಪ್ಪನವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಈ ಗಾಡಿ ಇನ್ನ ನೀ ಮುಟ್ಟಬ್ಯಾಡ" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದರು.

ಆ ಮಾತೂ ಮೊದಲಿನ ಮಾತಿನಂತೆಯೇ ಊರೂರು ಸುತ್ತಿತು. ಮಲಕಾರಿಗೆ "ಉಲ್ಟಾ ಮಲಕಾರಿ" ಎಂದು ಹೆಸರಾಯಿತು. ಅಂಗಡಿಯ ಮುಂದೆ ಗಾಡಿಗಳು ಕಡಿಮೆಯಾದವು. ಬಂದವರೂ ಪಕ್ಕದಲ್ಲಿ ನಿಂತು, "ಸರಿ ನೋಡಿ ಕೂಡಸಪಾ" ಎನ್ನತೊಡಗಿದರು. ಅವನು ಎದುರಾಡಲಿಲ್ಲ. ನಿಪಾಣಿಯ ಸುದ್ದಿ ಕೇಳಲು ಬಾಯಿ ಬರಲಿಲ್ಲ, ಯಾರೂ ತಾವಾಗಿ ಹೇಳಲೂ ಇಲ್ಲ.

ದಸರೆಯ ನಂತರ ಒಂದು ದಿನ ಅವನು ಗ್ಯಾರೇಜಿನ ಸ್ಟಾಪಿಗೆ ಟಿಕೀಟು ತೆಗೆದುಕೊಂಡು ಬಸ್ಸಿನಲ್ಲಿ ಕುಳಿತ. ಬಸ್ಸು ನಿಂತಿತು. ಕಿಟಕಿಯಿಂದ ನೋಡಿದರೆ ಗ್ಯಾರೇಜಿನ ಮುಂದೆ ಎರಡು ಟ್ರ್ಯಾಕ್ಟರು, ಒಂದು ಜೀಪು. ಒಂದು ಟ್ರ್ಯಾಕ್ಟರಿನ ಬಂಪರಿನ ಮೇಲೆ ಕಾಗವಾಡದ ಹೆಸರಿತ್ತು. ಜೀಪಿನ ಬಾನೆಟ್ಟಿನೊಳಗೆ ದಾದಾಸಾಹೇಬರು ಅರ್ಧ ಮೈ ತೂರಿಸಿದ್ದರು; ಬೆನ್ನು ಮಾತ್ರ ಕಾಣುತ್ತಿತ್ತು. ಮಲಕಾರಿ ಏಳಲಾರದೆ ಕುಳಿತ.

"ಏ, ಇಳಿತಿಯೋ ಇಲ್ಲೋ? ಇಲ್ಲಿ ತನಾನ ಐತಿ ನಿನ್ನ ಟಿಕೀಟ" ಎಂದ ಕಂಡಕ್ಟರ್.

"ಮುಂದಿಂದಕ್ಕ ಕೊಡ್ರಿ."

ಮುಂದಿನ ಸ್ಟಾಪಿನಲ್ಲಿ ಇಳಿದು ರಸ್ತೆಯ ಅಂಚಿನಲ್ಲೇ ಹಿಂದಕ್ಕೆ ನಡೆದು ಬಂದ. ಜೀಪಿನ ಬಳಿ ಹೋಗಿ ಸದ್ದಿಲ್ಲದೆ ನಿಂತ. ಒಳಗಿನಿಂದ ಪಾನಾ ತಿರುಗುವ ಸದ್ದು ನಿಂತಿತು. ದಾದಾಸಾಹೇಬರು ತಲೆ ಹೊರಳಿಸಿ ಅವನನ್ನು ನೋಡಿದರು. ಮುಖ ಸಡಿಲಾಗಲಿಲ್ಲ.

"ಬೆಳಕಿಗೆ ಅಡ್ಡ ನಿಂದರಬ್ಯಾಡ" ಎಂದರು. "ಈ ಕಡೆ ಬಾ."

ಮಲಕಾರಿ ತಲೆ ತಗ್ಗಿಸಿಕೊಂಡು ಆ ಕಡೆಗೆ ಹೋಗಿ ನಿಂತ.